ಓದುಗರ ಪ್ರಶ್ನೆ: ಸ್ಕೇಲ್ ಮಾಡೆಲ್‌ಗೆ ಎಷ್ಟು ಸುತ್ತು ಬಬಲ್ ರ್‍ಯಾಪ್ ಬೇಕು?

ಪ್ರಶ್ನೆ: ಸರ್, 1:72 ಅಳತೆಯ ಹಾಕ್ ಜೆಟ್ ವಿಮಾನದ ಮಾಡೆಲ್ ಮಾಡಿದ್ದೇನೆ. ಬೀದರ್‌ನಿಂದ ಬೆಂಗಳೂರಿಗೆ ಪಾರ್ಸೆಲ್ ಕಳಿಸಬೇಕು. ಮುರಿಯಬಾರದು ಅಂದರೆ ಎಷ್ಟು ಸುತ್ತು ಬಬಲ್ ರ್‍ಯಾಪ್ ಸುತ್ತಬೇಕು?

ಉತ್ತರ: ಒಂದು ಸುತ್ತೂ ಬೇಡ. ಮಾಡೆಲ್‌ಗೆ ಬಬಲ್ ರ್‍ಯಾಪ್ ಮುಟ್ಟಿಸಲೇಬೇಡಿ.

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಕೇಳುವವರು ಬೇರೆ, ಮಾಡೆಲ್ ಬೇರೆ, ಪ್ರಶ್ನೆ ಮಾತ್ರ ಅದೇ. ಬೀದರ್‌ನ ಹುಡುಗರು ಹಾಕ್ ಮಾಡುವುದು ಸಹಜ ಬಿಡಿ. ಆಕಾಶದಲ್ಲಿ ಕಸರತ್ತು ಮಾಡುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಶುರುವಾದದ್ದೇ ಇಲ್ಲಿ, ಈಗ ಅದು ಹಾರಿಸುವುದೂ ಹಾಕ್ ವಿಮಾನವನ್ನೇ. ತಲೆ ಎತ್ತಿದರೆ ಕಾಣುವ ವಿಮಾನವನ್ನು ಅಂಗೈ ಮೇಲೆ ಇಟ್ಟುಕೊಳ್ಳುವ ಆಸೆ ಯಾರಿಗಿರಲ್ಲ? ಅಷ್ಟು ಆಸೆಯಿಂದ ತಿಂಗಳುಗಟ್ಟಲೆ ಕೂತು ಮಾಡಿದ್ದು ದಾರಿಯಲ್ಲಿ ಮುರಿದರೆ ನನಗೂ ಸಂಕಟವಾಗುತ್ತದೆ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

‘ಬಿಗಿಯಾಗಿ ಸುತ್ತಿದಷ್ಟೂ ಭದ್ರ’ ಅನ್ನುವ ನಂಬಿಕೆ ಇದೆಯಲ್ಲ, ಮುಕ್ಕಾಲು ಪಾಲು ಮಾಡೆಲ್ ಮುರಿಯುವುದು ಅದರಿಂದಲೇ. ಚಹಾ ಕಪ್ಪಿಗೆ ಆ ಮಾತು ಸರಿ. ಕಪ್ಪು ದುಂಡಗಿದೆ, ಒತ್ತಡ ಸುತ್ತಲೂ ಹಂಚಿಹೋಗುತ್ತದೆ. ವಿಮಾನ ಹಾಗಲ್ಲ. ನಿಜವಾದ ಹಾಕ್‌ನ ರೆಕ್ಕೆಯ ಉದ್ದ ಈ ತುದಿಯಿಂದ ಆ ತುದಿಗೆ ಸುಮಾರು 10 ಮೀಟರ್. ನಿಮ್ಮ ಮಾಡೆಲ್‌ನಲ್ಲಿ ಅದು 14 ಸೆಂಟಿಮೀಟರ್‌ನಷ್ಟು. ಮೂಗಿನ ತುದಿಯ ಪಿಟೊ ಕೊಳವೆ, ಅಂದರೆ ವಿಮಾನದ ವೇಗ ಅಳೆಯುವ ನಳಿಗೆ, ಗುಂಡುಪಿನ್ನಿನಷ್ಟು ಸಣ್ಣದು. ಚಕ್ರದ ಕಾಲು ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ತೆಳು. ಇದನ್ನು ಬಿಗಿದು ಸುತ್ತಿದರೆ ಒತ್ತಡವೆಲ್ಲ ಎಲ್ಲಿಗೆ ಹೋಗುತ್ತದೆ? ಹೊರಗೆ ಚಾಚಿಕೊಂಡ ಭಾಗಕ್ಕೇ ಅಲ್ವಾ? ಅಂದರೆ ಎಲ್ಲಕ್ಕಿಂತ ನಾಜೂಕಾದ ಭಾಗಕ್ಕೆ. ಪಾರ್ಸೆಲ್ ಮನೆ ಬಿಡುವ ಮೊದಲೇ ಆ ಕಡ್ಡಿ ಅರ್ಧ ಬಾಗಿರುತ್ತದೆ.

ಆಮೇಲೆ ಡಬ್ಬಿ ಎಲ್ಲೋ ಮೇಜಿನೆತ್ತರದಿಂದ ಬೀಳುತ್ತದೆ. ಬೀಳುತ್ತದೆ ಅಂತಲೇ ತಿಳಿದು ಪ್ಯಾಕ್ ಮಾಡಬೇಕು. ನೆಲ ತಾಕಿದಾಗ ಡಬ್ಬಿ ತಟ್ಟನೆ ನಿಲ್ಲುತ್ತದೆ, ಒಳಗಿನ ಮಾಡೆಲ್‌ನ ಭಾರ ಮಾತ್ರ ಮುಂದಕ್ಕೆ ನುಗ್ಗುತ್ತದೆ. ಆ ಭಾರವನ್ನು ಯಾವ ಭಾಗ ತಡೆಯುತ್ತದೋ ಅದು ಮುರಿಯುತ್ತದೆ. ಬಿಗಿದು ಸುತ್ತಿದ ಮಾಡೆಲ್‌ನಲ್ಲಿ ತಡೆಯುವುದು ರೆಕ್ಕೆಯ ತುದಿ ಮತ್ತು ಚಕ್ರದ ಕಾಲು. ಸೂಪರ್ ಗ್ಲೂ ಅಂಟು ಎಳೆದರೆ ಗಟ್ಟಿ, ಜರ್ಕ್ ಹೊಡೆದರೆ ಪಟ್ಟನೆ ಬಿಡುತ್ತದೆ.

ಬಣ್ಣದ್ದು ಇನ್ನೊಂದು ಕಥೆ. ಎನಾಮಲ್ ಬಣ್ಣ ಮುಟ್ಟಿದರೆ ಒಂದೇ ದಿನಕ್ಕೆ ಒಣಗಿದ ಹಾಗೆ ಕಾಣುತ್ತದೆ. ಒಳಗೆ ಗಟ್ಟಿಯಾಗಲು ವಾರಕ್ಕೂ ಜಾಸ್ತಿ ಬೇಕು. ಅಷ್ಟರೊಳಗೆ ಸುತ್ತಿ ಬಿಸಿಲಿಗೆ ಕಳಿಸಿದರೆ ರೆಕ್ಕೆಯ ತುಂಬ ಗುಳ್ಳೆಯ ಗುರುತು ಮೂಡುತ್ತದೆ. ಅದು ಒರೆಸಿದರೆ ಹೋಗುವುದಿಲ್ಲ, ಮತ್ತೆ ಬಣ್ಣ ಹೊಡೆಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಚ್ಚುವ ಹೊತ್ತು. ಆ ಕಡೆಯವರಿಗೆ ಒಳಗೆ ರೆಕ್ಕೆ ಎಲ್ಲಿದೆ, ಬಾಲ ಎಲ್ಲಿದೆ ಗೊತ್ತಿಲ್ಲ. ಟೇಪ್ ಕತ್ತರಿಸಿ, ಸುರುಳಿ ಬಿಚ್ಚುತ್ತಾ ಹೋಗುತ್ತಾರೆ. ಕೊನೆಯ ಸುತ್ತಿನಲ್ಲಿ ಆಂಟೆನಾ ಸಿಕ್ಕಿಕೊಂಡು ಕಿತ್ತು ಬರುತ್ತದೆ. ನನ್ನ ಹತ್ತಿರ ರಿಪೇರಿಗೆ ಬಂದವುಗಳಲ್ಲಿ ದಾರಿಯಲ್ಲಿ ಮುರಿದದ್ದಕ್ಕಿಂತ ಬಿಚ್ಚುವಾಗ ಮುರಿದದ್ದೇ ಜಾಸ್ತಿ.

ಇದೆಲ್ಲ ನಮ್ಮ ಕಡೆಯವರಿಗೆ ಹೊಸ ವಿಷಯವೇ ಅಲ್ಲ. ಬೆಂಗಳೂರಿನಲ್ಲಿ ಓದುವ ಮಗನಿಗೆ ಖಡಕ್ ರೊಟ್ಟಿ ಕಳಿಸುವ ಅವ್ವನನ್ನು ನೋಡಿ. ರೊಟ್ಟಿಯನ್ನು ಬಟ್ಟೆಯಲ್ಲಿ ಬಿಗಿದು ಗಂಟು ಹಾಕುತ್ತಾಳಾ? ಇಲ್ಲ. ರೊಟ್ಟಿಯ ಅಗಲಕ್ಕೆ ಸರಿಹೋಗುವ ಡಬ್ಬಿ ಹುಡುಕುತ್ತಾಳೆ. ಒಂದರ ಮೇಲೊಂದು ಇಟ್ಟು, ಮೇಲೆ ಉಳಿದ ಜಾಗಕ್ಕೆ ಬಟ್ಟೆ ಮಡಿಸಿ ಹಾಕುತ್ತಾಳೆ. ಅಲುಗಾಡಬಾರದು, ಅಂಚಿಗೆ ಒತ್ತಲೂಬಾರದು. ಮಾಡೆಲ್‌ಗೂ ಬೇಕಾದದ್ದು ಅಷ್ಟೇ.

ಹಾಗಾದರೆ ಮಾಡುವುದು ಹೇಗೆ? ಟಿವಿ, ಫ್ರಿಜ್ ಜೊತೆ ಬರುವ ಮೆತ್ತನೆಯ ಬಿಳಿ ಫೋಮ್ ತೆಗೆದುಕೊಳ್ಳಿ. ವಿಮಾನದ ಹೊಟ್ಟೆಯ ಆಕಾರಕ್ಕೆ ಅದರಲ್ಲಿ ಗುಂಡಿ ಕತ್ತರಿಸಿ, ಟಿಶ್ಯೂ ಪೇಪರ್ ಹಾಸಿ, ಮಾಡೆಲ್ ಕೂರಿಸಿ. ಭಾರವೆಲ್ಲ ಹೊಟ್ಟೆ ಮತ್ತು ರೆಕ್ಕೆಯ ಬುಡದ ಮೇಲೆ ಬೀಳಲಿ. ಚಕ್ರ, ಮೂಗು, ರೆಕ್ಕೆಯ ತುದಿ, ಬಾಲ ಗಾಳಿಯಲ್ಲಿರಲಿ, ಯಾವುದಕ್ಕೂ ತಾಕದಿರಲಿ. ಮೇಲೆ ರೆಕ್ಕೆಯ ಬುಡದ ಹತ್ತಿರ ಅಗಲವಾದ ಒಂದು ಬಟ್ಟೆ ಪಟ್ಟಿ ಹಾಯಿಸಿ ಫೋಮ್‌ಗೆ ಪಿನ್ ಮಾಡಿ. ಕಳಚುವ ಭಾಗಗಳಿದ್ದರೆ ಕಳಚಿ ಸಣ್ಣ ಡಬ್ಬಿಗೆ ಹಾಕಿ. ಈ ಫೋಮ್ ಗಟ್ಟಿ ರಟ್ಟಿನ ಡಬ್ಬಿಯೊಳಗೆ ಅಲುಗಾಡದೆ ಕೂರಬೇಕು. ಮಳೆಗಾಲವಾದರೆ ಡಬ್ಬಿಗೆ ಪ್ಲಾಸ್ಟಿಕ್ ಕವರ್ ಹಾಕಿ. ಆಮೇಲೆ ಅದನ್ನು ಇನ್ನೊಂದು ದೊಡ್ಡ ಡಬ್ಬಿಯಲ್ಲಿಟ್ಟು, ಆರೂ ಕಡೆ 5 ಸೆಂಟಿಮೀಟರ್ ಜಾಗ ಬಿಟ್ಟು, ಅಲ್ಲಿ ಮುದುರಿದ ಪೇಪರ್ ತುಂಬಿ. ನಿಮ್ಮ ಬಬಲ್ ರ್‍ಯಾಪ್‌ಗೂ ಕೆಲಸ ಇರುವುದು ಅಲ್ಲೇ, ಎರಡು ಡಬ್ಬಿಗಳ ನಡುವೆ.

ಎರಡು ಡಬ್ಬಿ ಅಂದ ಕೂಡಲೇ ‘ದುಡ್ಡು ಜಾಸ್ತಿಯಾಗುತ್ತಲ್ಲ ಸರ್’ ಅನ್ನುತ್ತೀರಿ. ಹೌದು, ಆಗುತ್ತದೆ. ಹೆಚ್ಚಿನ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಹಾಕುತ್ತಾರೆ. 40, 30, 25ರ ಡಬ್ಬಿ ಅಂದರೆ 6 ಕೆಜಿ ಲೆಕ್ಕ, ಒಳಗಿರುವುದು 200 ಗ್ರಾಂ ಆದರೂ. ಆದರೆ ಆ ದುಡ್ಡು ಉಳಿಸಲು ಡಬ್ಬಿ ಚಿಕ್ಕದು ಮಾಡಬೇಡಿ. ಸುಮಾರು 700 ಕಿಲೋಮೀಟರ್ ದಾರಿಯಲ್ಲಿ ಹೊಡೆತ ತಿನ್ನುವುದು ಆ ಖಾಲಿ ಜಾಗವೇ. ‘ಫ್ರಜೈಲ್’ ಚೀಟಿ ಬೇಕಾದರೆ ಅಂಟಿಸಿ, ಅದನ್ನೇ ನಂಬಿ ಕೂರಬೇಡಿ. ಅದಕ್ಕಿಂತ ಮೇಲ್ಗಡೆ ಒಂದು ಫೋಟೊ ಇಡಿ: ಮಾಡೆಲ್ ಫೋಮ್‌ನಲ್ಲಿ ಹೇಗೆ ಕೂತಿದೆ, ಯಾವ ಪಿನ್ ಮೊದಲು ತೆಗೆಯಬೇಕು, ಎಲ್ಲಿ ಹಿಡಿದು ಎತ್ತಬೇಕು.

3ಡಿ ಪ್ರಿಂಟ್ ಮಾಡೆಲ್ ಆದರೆ ಒಂದು ಎಚ್ಚರ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಕಲಬುರಗಿ, ಯಾದಗಿರಿಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಆ ಬಿಸಿಲಲ್ಲಿ ನಿಂತ ಮುಚ್ಚಿದ ಗಾಡಿಯ ಒಳಗೆ ಇನ್ನೂ ಜಾಸ್ತಿ. ರೆಕ್ಕೆ ಜೋತುಬೀಳಬಹುದು. ಸಾಧ್ಯವಾದರೆ ಮಳೆ ಬೀಳುವ ತನಕ ಕಾಯಿರಿ.

ಇನ್ನೊಂದು ವಿಷಯ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಮೊನ್ನೆ ಒಬ್ಬರು ಮಾಡೆಲ್ ಜೊತೆ ಅದೇ ಡಬ್ಬಿಯಲ್ಲಿ ಒಂದು ಬಿದ್ರಿ ಹೂದಾನಿ ಇಟ್ಟು ಕಳಿಸಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಬಿದ್ರಿ ಭಾರ, ದಾರಿಯುದ್ದಕ್ಕೂ ಮಾಡೆಲ್ ಮೇಲೆ ಸುತ್ತಿಗೆಯ ಹಾಗೆ ಬಡಿಯುತ್ತದೆ. ಬಿದ್ರಿಗೂ ಅದು ಒಳ್ಳೆಯದಲ್ಲ. ಲೋಹ ಅಂತ ಎಲ್ಲರೂ ಧೈರ್ಯವಾಗಿರುತ್ತಾರೆ. ಆದರೆ ಅದರಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಎರಕದ ಸತು ಬಾಗುವ ಲೋಹವಲ್ಲ. ಸಣ್ಣ ಕುತ್ತಿಗೆಯ ಹೂಜಿ ಬಿದ್ದರೆ ಕುತ್ತಿಗೆಯಲ್ಲೇ ಸೀಳು ಬಿಡುತ್ತದೆ. ಅದನ್ನೂ ಹೊಟ್ಟೆ ಹಿಡಿದೇ ಕೂರಿಸಬೇಕು, ಬೇರೆ ಡಬ್ಬಿಯಲ್ಲಿ. ಬೀದರ್ ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪು ಬಣ್ಣದ ಮೇಲೆ ಬೆಳ್ಳಿ ಹೊಳೆಯುತ್ತಿರಬೇಕಾದರೆ ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ. ರಬ್ಬರ್‌ನಲ್ಲಿ ಗಂಧಕವಿದೆ, ತಾಕಿದ ಕಡೆ ಬೆಳ್ಳಿಯ ಮೇಲೆ ಕಪ್ಪು ಗೆರೆ ಬೀಳುತ್ತದೆ. ಮೆತ್ತನೆಯ ಹತ್ತಿ ಬಟ್ಟೆ ಸುತ್ತಿ, ಹತ್ತಿ ದಾರ ಕಟ್ಟಿ.