ಕ್ಯಾಲ್ಸಿಯಂ ಕೊಡ್ತಾ ಇದ್ದೇವಲ್ಲ, ಇನ್ನೊಂದು ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ತಾಯಿಗೆ 67 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿದೆ. ಮೂಳೆ ಟೊಳ್ಳಾಗಿದೆ ಎಂದು ಡಾಕ್ಟರ್ ವಾರಕ್ಕೊಂದು ಮಾತ್ರೆ ಬರೆದಿದ್ದಾರೆ. ಕ್ಯಾಲ್ಸಿಯಂ ಕೊಡುತ್ತಿದ್ದೇವೆ, ರಕ್ತದಲ್ಲಿ ಕ್ಯಾಲ್ಸಿಯಂ ನಾರ್ಮಲ್ ಇದೆ. ಅದು ಸಾಲದೇ?

ಉತ್ತರ: ಸಾಲದು. ಕೇಳುವವರ ಊರು, ವಯಸ್ಸು ಬದಲಾಗುತ್ತದೆ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ!

ಮೊದಲು ಆ 'ನಾರ್ಮಲ್' ರಿಪೋರ್ಟ್ ಪಕ್ಕಕ್ಕಿಡಿ. ಹೃದಯ, ನರಗಳು ಕೆಲಸ ಮಾಡಲು ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕು. ಕಡಿಮೆಯಾದರೆ ದೇಹ ಮೂಳೆಯಿಂದ ಕಿತ್ತು ತರುತ್ತದೆ. ಹಾಗಾಗಿ ಮೂಳೆ ಬರಿದಾಗುತ್ತಿದ್ದರೂ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ಟೊಳ್ಳುತನ ಗೊತ್ತಾಗುವುದು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ. ಅದರಲ್ಲಿ ಬರುವ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ನಿಂತಲ್ಲಿಂದ ಬಿದ್ದಿದ್ದಕ್ಕೇ ಮೂಳೆ ಮುರಿದಿದೆ ಅಂದರೆ ಅದೇ ದೊಡ್ಡ ಸೂಚನೆ.

ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕೋಶಗಳಿವೆ, ಹೊಸದು ಕಟ್ಟುವ ಕೋಶಗಳಿವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ, ಕರಗಿಸುವವರ ಕೈ ಮೇಲಾಗುತ್ತದೆ. ಕ್ಯಾಲ್ಸಿಯಂ ಬರೀ ಸಾಮಾನು. ಗೋಡೆ ಒಡೆಯುವವರು ನಾಲ್ಕು ಜನ, ಕಟ್ಟುವವರು ಇಬ್ಬರು ಇರುವಾಗ ಮನೆ ಮುಂದೆ ಇನ್ನೊಂದು ಲೋಡ್ ಸಿಮೆಂಟ್ ಸುರಿದರೆ ಏನು ಬಂತು?

ಇನ್ನೂ ನಂಬಿಕೆ ಬರಲಿಲ್ಲವಾ? ಅಮೆರಿಕದಲ್ಲಿ 36 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಸುಮಾರು ಏಳು ವರ್ಷ ಪರೀಕ್ಷೆ ನಡೆಯಿತು. ಅರ್ಧದಷ್ಟು ಜನಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ. 2006ರಲ್ಲಿ ಫಲಿತಾಂಶ ಬಂತು. ಸೊಂಟದ ಮೂಳೆ ಮುರಿಯುವುದು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಕಿಡ್ನಿ ಕಲ್ಲು ಮಾತ್ರ ಸ್ವಲ್ಪ ಜಾಸ್ತಿಯಾಗಿತ್ತು. ಮರುವರ್ಷ ಇನ್ನೊಂದು ಪರೀಕ್ಷೆಯ ಫಲಿತಾಂಶ ಬಂತು. ಅಲ್ಲಿ ಎರಡೂ ಗುಂಪಿಗೆ ಕ್ಯಾಲ್ಸಿಯಂ ಇತ್ತು. ಒಂದು ಗುಂಪಿಗೆ ಮಾತ್ರ ವರ್ಷಕ್ಕೊಮ್ಮೆ ಝೋಲೆಡ್ರಾನಿಕ್ ಆಸಿಡ್ ಡ್ರಿಪ್. ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಬೆನ್ನುಮೂಳೆ ಮುರಿತ ಶೇ. 70, ಸೊಂಟದ ಮುರಿತ ಶೇ. 41 ಕಡಿಮೆ. ನಿಮ್ಮ ತಾಯಿಯ ವಾರದ ಮಾತ್ರೆಯೂ ಬಹುಶಃ ಇದೇ ಜಾತಿಯದು, ಕರಗಿಸುವ ಕೋಶಗಳ ಕೈ ಕಟ್ಟುತ್ತದೆ.

ಹಾಗಂತ ಕ್ಯಾಲ್ಸಿಯಂ ಬಿಡಬೇಡಿ. ರಾಗಿ, ಹಾಲು, ಮೊಸರು ಇರಲಿ. ಸಾಮಾನಿಲ್ಲದೆ ಔಷಧಿಯೂ ಕೆಲಸ ಮಾಡದು.

ವಾರದ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ, ಒಂದು ಲೋಟ ಬರೀ ನೀರಿನಲ್ಲಿ. ಕಾಫಿಯಲ್ಲಿ ಬೇಡ. ಅರ್ಧ ಗಂಟೆ ಮಲಗಬಾರದು, ಅನ್ನನಾಳ ಸುಡುತ್ತದೆ. ಕ್ಯಾಲ್ಸಿಯಂ ಮಾತ್ರೆ ಆಮೇಲೆ. ಮುರಿದ ಮೂಳೆ ಕೂಡುವುದಕ್ಕೆ ವಾರದ ಮಾತ್ರೆಯಿಂದ ಅಡ್ಡಿಯಿಲ್ಲ.

ಕಟ್ಟುವವರಿಗೆ ಬಲ ಕೊಡುವ ಔಷಧಿ ಇಲ್ಲವಾ? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಹೇಳುವ ಆಸೆ. ಇದೆ. ದಿನಕ್ಕೊಂದು ಚುಚ್ಚುವ ಟೆರಿಪ್ಯಾರಟೈಡ್ 2002ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇನ್ನೊಂದರ ಕತೆ ಸೊಗಸಾಗಿದೆ. ದಕ್ಷಿಣ ಆಫ್ರಿಕಾದ ಕೆಲವು ಕುಟುಂಬಗಳಲ್ಲಿ ಮೂಳೆ ವಿಪರೀತ ದಪ್ಪವಾಗಿ ಬೆಳೆಯುವ ಅಪರೂಪದ ಕಾಯಿಲೆಯಿತ್ತು. ಅವರ ದೇಹದಲ್ಲಿ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನ್ ತಯಾರಾಗುತ್ತಿರಲಿಲ್ಲ. ಅದು ಮೂಳೆ ಕಟ್ಟುವುದಕ್ಕೆ ಹಾಕಿದ ಬ್ರೇಕ್. ಆ ಬ್ರೇಕನ್ನೇ ತಡೆಯುವ ರೊಮೊಸೊಜುಮ್ಯಾಬ್ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ತಿಂಗಳಿಗೊಮ್ಮೆ, ಒಂದು ವರ್ಷ. ಆಮೇಲೆ ಬೇರೆ ಔಷಧಿ ಮುಂದುವರಿಸಬೇಕು. ಹಿಂದಿನ ಒಂದು ವರ್ಷದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆದವರಿಗೆ ಕೊಡುವುದಿಲ್ಲ.

ಕರಗಿಸುವ ಕೋಶಗಳನ್ನೇ ತಡೆಯುವ ಇನ್ನೊಂದು ಔಷಧಿ, ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ಶುರು ಮಾಡಿದವರು ಮಾತ್ರ 'ಈಗ ಆರಾಮಾಗಿದ್ದೇನೆ' ಎಂದು ಸುಮ್ನೆ ನಿಲ್ಲಿಸಬೇಡಿ. ತಡವಾದರೆ ಮೂಳೆ ವೇಗವಾಗಿ ಕರಗಿ, ಬೆನ್ನುಮೂಳೆ ಒಂದಲ್ಲ, ಎರಡು ಮೂರು ಕಡೆ ಕುಸಿಯಬಹುದು. ನಿಲ್ಲಿಸಲೇಬೇಕಿದ್ದರೆ ಮುಂದಿನ ಡೋಸಿನ ದಿನಕ್ಕೆ ಮೊದಲೇ ಡಾಕ್ಟರ ಹತ್ತಿರ ಹೋಗಿ, ಬದಲಿ ಔಷಧಿ ಯಾವುದೆಂದು ಕೇಳಿ.