ಎವರೆಸ್ಟ್‌ನ ಬುಡಕ್ಕಿಳಿದ ಮಳೆನೀರು

ಆಳದ ಬಂಡೆಗಳಲ್ಲಿ ಸಿಗುವ ನೀರು ಭೂಮಿಯ ಒಡಲಲ್ಲೇ ಹುಟ್ಟಿದ್ದು, ಅದಕ್ಕೂ ಮುಗಿಲಿಗೂ ಸಂಬಂಧವಿಲ್ಲ ಎಂಬ ಪಾತಾಳಗಂಗೆಯ ಕಲ್ಪನೆ ನಮ್ಮಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿದೆ. ಬಂಡೆ ಸಿಡಿಯದೆ ಮೆತ್ತಗಾಗಿ ಹರಿಯುವಷ್ಟು ಬಿಸಿಯಿರುವ ಆಳಕ್ಕೆ ಮಳೆನೀರು ಇಳಿಯಬಲ್ಲದೆಂದು ಒಪ್ಪಲು ಭೂವಿಜ್ಞಾನಿಗಳಲ್ಲೂ ಅನೇಕರು ಹಿಂಜರಿದಿದ್ದರು. ಆದರೆ ಅದಕ್ಕೆ ಸಾಕ್ಷ್ಯವಿದೆ. ಅದು ಸಿಕ್ಕಿದ್ದು ನಾವು ಕಾಗೆಬಂಗಾರ ಎನ್ನುವ ಅಭ್ರಕದ ಹಾಳೆಗಳೊಳಗೆ.

ಗ್ರಾನೈಟಿನ ಎರಡು ಭಾಗಗಳು ಅಕ್ಕಪಕ್ಕ ಉಜ್ಜಿಕೊಂಡು ಜಾರುವ ಪಟ್ಟಿಯನ್ನು ಶಿಯರ್ ವಲಯ ಎನ್ನುತ್ತಾರೆ. ಅಲ್ಲಿಯ ಕಲ್ಲಿನ ಚೂರೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಬೆಣಚುಕಲ್ಲು ತೆಳುವಾದ ಎಳೆಗಳಾಗಿ ಹಿಗ್ಗಿರುವುದೂ, ಎಳೆಗಳ ನಡುವೆ ಬಿಳಿ ಅಭ್ರಕ ಮಿನುಗುವುದೂ ಬರಿಗಣ್ಣಿಗೇ ಕಾಣುತ್ತದೆ. ಈ ಅಭ್ರಕದಲ್ಲಿ ಬಹುಪಾಲು ಮೂಲ ಗ್ರಾನೈಟಿನದಲ್ಲ. ಜಾರುವಿಕೆಯ ಹೊತ್ತಿನಲ್ಲಿ ಹರಿದು ಬಂದ ನೀರಿನೊಡನೆ ಗ್ರಾನೈಟಿನ ಮುಖ್ಯ ಖನಿಜವಾದ ಫೆಲ್ಸ್‌ಪಾರ್ ವರ್ತಿಸಿ ಹೊಸದಾಗಿ ಬೆಳೆದದ್ದು. ಹೀಗಾಗಿ ಅದರ ಜಲಜನಕ ಆ ನೀರಿನ ಗುರುತನ್ನು ಹೊತ್ತಿರುತ್ತದೆ.

ಜಲಜನಕಕ್ಕೆ ಎರಡು ಸ್ಥಿರ ಸಮಸ್ಥಾನಿಗಳಿವೆ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು: ಹಗುರವಾದ ಸಾಮಾನ್ಯ ಜಲಜನಕ ಮತ್ತು 1931ರಲ್ಲಿ ಹೆರಾಲ್ಡ್ ಯೂರಿ ಪತ್ತೆಹಚ್ಚಿದ, ಅದರ ಎರಡರಷ್ಟು ತೂಕದ ಡ್ಯೂಟೀರಿಯಂ. ಸಮುದ್ರದ ನೀರಿನ ಹತ್ತು ಲಕ್ಷ ಜಲಜನಕ ಪರಮಾಣುಗಳಲ್ಲಿ ಸುಮಾರು 156 ಡ್ಯೂಟೀರಿಯಂ. ಮೋಡವು ಬೆಟ್ಟವೇರುತ್ತ ಮಳೆ ಸುರಿಸುವಾಗ ಭಾರವಾದ ಅಣುಗಳು ಮೊದಲು ಹೆಚ್ಚಾಗಿ ಇಳಿದುಬಿಡುವುದರಿಂದ, ಎತ್ತರದ ಮಳೆ ಮತ್ತು ಹಿಮದಲ್ಲಿ ಡ್ಯೂಟೀರಿಯಂ ಬಹಳ ಕಡಿಮೆ. ಶಿಲಾದ್ರವದಿಂದ ಬೇರ್ಪಟ್ಟ ನೀರಿನಲ್ಲಿ ಸಮುದ್ರಕ್ಕಿಂತ ಸಾಮಾನ್ಯವಾಗಿ ಸಾವಿರಕ್ಕೆ 40ರಿಂದ 80ರಷ್ಟು ಮಾತ್ರ ಕೊರತೆಯಿರುತ್ತದೆ.

ಇಲ್ಲಿ ಬಂಡೆಯಲ್ಲಿರುವ ಆಮ್ಲಜನಕದ ಭಾರ ಮತ್ತು ಹಗುರ ಸಮಸ್ಥಾನಿಗಳ ಅನುಪಾತವನ್ನೂ ಅಳೆದು, ಅದು ಬದಲಾಗಿಲ್ಲವೆಂದ ಮಾತ್ರಕ್ಕೆ ಹೊರಗಿನ ನೀರು ಬಂದೇ ಇಲ್ಲ ಎನ್ನುವ ಅವಸರದ ತೀರ್ಮಾನವನ್ನು ನಾನು ಒಪ್ಪಲಾರೆ. ಗ್ರಾನೈಟಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆಮ್ಲಜನಕವೇ ಇದ್ದರೆ, ಜಲಜನಕ ಇರುವುದು ಅತ್ಯಲ್ಪ. ಒಂದು ಚಿಟಿಕೆ ಕುಂಕುಮ ಲೋಟದ ನೀರನ್ನು ಕೆಂಪಾಗಿಸುತ್ತದೆ, ಅದನ್ನೇ ಕೆರೆಗೆ ಹಾಕಿದರೆ ಸುಳಿವೂ ಉಳಿಯುವುದಿಲ್ಲ. ಹಾಗೆಯೇ, ಬಂಡೆಯ ಜಲಜನಕದ ಅನುಪಾತವನ್ನು ಪೂರ್ತಿ ಬದಲಿಸಲು ಸ್ವಲ್ಪ ನೀರು ಸಾಕು. ಆಮ್ಲಜನಕದ ಅನುಪಾತವನ್ನು ಕದಲಿಸಬೇಕಾದರೆ ಬಂಡೆಗೆ ಸರಿಸಾಟಿಯಾದ ಪ್ರಮಾಣದ ನೀರು ಹಾದುಹೋಗಬೇಕು. ನೀರು ಎಲ್ಲಿಯದೆಂದು ಜಲಜನಕ ಹೇಳುತ್ತದೆ, ಎಷ್ಟು ಹರಿಯಿತೆಂದು ಆಮ್ಲಜನಕ ಹೇಳುತ್ತದೆ. ಇವೆರಡನ್ನೂ ಜೊತೆಗಿಟ್ಟು ಓದಿದಾಗಲೇ ಬಂಡೆಯ ಚರಿತ್ರೆ ತಿಳಿಯುತ್ತದೆ.

ಎವರೆಸ್ಟ್‌ನ ಉತ್ತರಕ್ಕಿರುವ ರೊಂಗ್‌ಬುಕ್ ಕಣಿವೆಯಲ್ಲಿ ದಕ್ಷಿಣ ಟಿಬೆಟ್ ಜಾರುವಲಯ ಎಂಬ ಶಿಯರ್ ವಲಯವು ನೆಲದ ಮೇಲೆಯೇ ತೆರೆದುಕೊಂಡಿದೆ. ಅದರಲ್ಲಿ ಸಿಕ್ಕಿ ನಲುಗಿದ ಶಿಲೆಗಳಲ್ಲಿ ತಿಳಿಬಣ್ಣದ ಗ್ರಾನೈಟೂ ಸೇರಿದೆ. ಈ ವಲಯದ, ಅಭ್ರಕದಂಥ ಜಲಯುಕ್ತ ಖನಿಜಗಳನ್ನು ವಿಶ್ಲೇಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಆ ಖನಿಜಗಳು ಬೆಳೆದ ನೀರಿನಲ್ಲಿ ಡ್ಯೂಟೀರಿಯಂನ ಕೊರತೆ ಸಾವಿರಕ್ಕೆ ಸುಮಾರು 150ರಷ್ಟಿತ್ತು. ಶಿಲಾದ್ರವವಾಗಲಿ, ಬಿಸಿಯೇರಿದ ಬಂಡೆಯಾಗಲಿ ಅಷ್ಟು ಹಗುರವಾದ ನೀರನ್ನು ಕೊಡಲಾರವು. ಅದು ಮೇಲ್ಭಾಗದ ಬಿರುಕುಗಳ ಮೂಲಕ ಕಿಲೋಮೀಟರುಗಟ್ಟಲೆ ಇಳಿದ ಹಿಮ ಮತ್ತು ಮಳೆಯ ನೀರು. ಖನಿಜಗಳ ವಯಸ್ಸನ್ನು ಆರ್ಗಾನ್ ವಿಧಾನದಿಂದ, ಅಂದರೆ ಅವುಗಳೊಳಗಿನ ಪೊಟ್ಯಾಸಿಯಂ ಕಾಲಕ್ರಮೇಣ ಕ್ಷಯಿಸಿ ಕೂಡಿದ ಆರ್ಗಾನ್ ಅನಿಲದ ಲೆಕ್ಕದಿಂದ, ಅಳೆದಾಗ ಸುಮಾರು 1 ಕೋಟಿ 70 ಲಕ್ಷ ವರ್ಷ ಎಂದು ತಿಳಿಯಿತು.

ಎತ್ತರ ಹೆಚ್ಚಿದಂತೆ ಡ್ಯೂಟೀರಿಯಂ ಕುಗ್ಗುವುದರಿಂದ, ಆ ಮಳೆ ಬಿದ್ದ ನೆಲದ ಎತ್ತರವನ್ನೂ ಲೆಕ್ಕಹಾಕಬಹುದು. ಆದರೆ ಅಂದಿನ ಹವಾಮಾನ ಇಂದಿನಂತೆಯೇ ಇತ್ತೆಂದು ಊಹಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಸಂಶೋಧಕರು ಅದೇ ಕಾಲದಲ್ಲಿ ಹಿಮಾಲಯದ ತಪ್ಪಲಿನ ಶಿವಾಲಿಕ್ ಮಣ್ಣುಗಳಲ್ಲಿ ಉಳಿದ ತಗ್ಗುನಾಡಿನ ಮಳೆಯ ಗುರುತಿನೊಡನೆ ಅದನ್ನು ಹೋಲಿಸಿದರು. ಎರಡರ ನಡುವಿನ ವ್ಯತ್ಯಾಸದಿಂದ ದೊರೆತ ಎತ್ತರ 5,100ರಿಂದ 5,400 ಮೀಟರ್. ಇದು ಶಿಖರದ ತುದಿಯ ಎತ್ತರವಲ್ಲ, ನೀರನ್ನು ಹೀರಿಕೊಂಡ ಸುತ್ತಲಿನ ನೆಲದ ಸರಾಸರಿ.