ಕೋಚ್ ಮಾತುಗಾರನಾದರೆ ಊರಿನ ಹುಡುಗರು ಬರುತ್ತಾರಾ?

ಪ್ರಶ್ನೆ: ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಹೆಡ್ ಕೋಚ್ ಬದಲಾದರೆ ಆ ರಾಜ್ಯದ ಹೈಸ್ಕೂಲ್ ಹುಡುಗರು ಬೇರೆ ಕಡೆ ಹೋಗಿಬಿಡುತ್ತಾರಾ? ಕೋಚ್ ಸ್ವಭಾವದ ಮೇಲೇ ಎಲ್ಲ ನಿಂತಿದೆ ಅಂತಾರಲ್ಲ, ನಿಜವೇ?

ಪ್ರತಿ ಡಿಸೆಂಬರ್‌ಗೂ ಈ ಪ್ರಶ್ನೆ ಬಂದೇ ಬರುತ್ತದೆ. ಹುಡುಗರು ಕಾಲೇಜುಗಳಿಗೆ ಸಹಿ ಹಾಕುವ ತಿಂಗಳು ಅದು. ಕೋಚ್‌ಗಳು ಕೆಲಸ ಕಳೆದುಕೊಳ್ಳುವ ಕಾಲವೂ ಹೆಚ್ಚುಕಮ್ಮಿ ಅದೇ. ಡಲ್ಲಾಸ್, ಹ್ಯೂಸ್ಟನ್ ಕಡೆಯ ಕನ್ನಡದ ಮನೆಗಳಲ್ಲೂ ಶುಕ್ರವಾರ ರಾತ್ರಿ ಹೈಸ್ಕೂಲ್ ಪಂದ್ಯಕ್ಕೆ ಓಡುವ ಮಕ್ಕಳಿದ್ದಾರೆ, ಒಬ್ಬ ಬ್ಯಾಂಡ್‌ನಲ್ಲಿ, ಇನ್ನೊಬ್ಬ ಟೀಮಿನಲ್ಲಿ. ಹಾಗಾಗಿ ಆಟ ಹೇಗೆ, ಸ್ಕಾಲರ್‌ಶಿಪ್ ಅಂದರೆ ಏನು ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ಚಿಕ್ಕ ಉತ್ತರ ಇಷ್ಟೇ. ದೂರದ ರಾಜ್ಯದ ಹುಡುಗನನ್ನು ಎಳೆದು ತರೋದಕ್ಕೆ ಹೆಡ್ ಕೋಚ್ ಸ್ವಭಾವ, ಹೆಸರು, ಮಾತು ಎಲ್ಲ ಕೆಲಸಕ್ಕೆ ಬರುತ್ತವೆ. ಊರಿನ ಹುಡುಗನ, ಅಂದರೆ ಅದೇ ರಾಜ್ಯದವನ ವಿಷಯದಲ್ಲಿ ಅವುಗಳ ಪಾಲು ಜನ ಅಂದುಕೊಂಡದ್ದಕ್ಕಿಂತ ತುಂಬಾ ಕಮ್ಮಿ.

ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಒಪ್ಪುವುದಿಲ್ಲ. "ಅಯ್ಯೋ, ಆ ಕೋಚ್ ನಗೋದೇ ಇಲ್ಲ, ಅವನ ಹತ್ತಿರ ಯಾವ ಹುಡುಗ ಹೋಗ್ತಾನೆ" ಅಂತ ಮತ್ತೆ ಶುರು ಮಾಡುತ್ತಾರೆ. ಅದಕ್ಕೇ ಈ ಸಲ ಒಂದೇ ರಾಜ್ಯ ಹಿಡಿದು ಪೂರ್ತಿ ನೋಡೋಣ. ಲೂಸಿಯಾನಾ.

ಲೂಸಿಯಾನಾ ಯಾಕೆ? ಅಲ್ಲಿನ ಹೈಸ್ಕೂಲ್‌ಗಳಲ್ಲಿ ಆಟಗಾರರಿಗೆ ಬರ ಇಲ್ಲ. ಆದರೆ ಎಸ್‌ಇಸಿಯಂಥ ದೊಡ್ಡ ಲೀಗಿನಲ್ಲಿ ಆಡುವ ಕಾಲೇಜು ಇಡೀ ರಾಜ್ಯಕ್ಕೆ ಒಂದೇ, ಬ್ಯಾಟನ್ ರೂಜ್‌ನ ಎಲ್‌ಎಸ್‌ಯು, ಅಂದರೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ. ಅಲ್ಲಿ 2000ರಿಂದ 2025ರ ಅಕ್ಟೋಬರ್‌ವರೆಗೆ ಒಬ್ಬರ ಹಿಂದೆ ಒಬ್ಬರಂತೆ ನಾಲ್ಕು ಬಗೆಯ ಹೆಡ್ ಕೋಚ್‌ಗಳು ಬಂದರು. ಕಾಲೇಜು ಅದೇ, ರಾಜ್ಯ ಅದೇ, ಬದಲಾದದ್ದು ಮೇಲೆ ಕೂತ ಮನುಷ್ಯ. ಇದಕ್ಕಿಂತ ಒಳ್ಳೆ ಪರೀಕ್ಷೆ ಬೇಕಾ?

ಮೊದಲು ಬಂದವರು ನಿಕ್ ಸೇಬನ್. ವೆಸ್ಟ್ ವರ್ಜೀನಿಯಾದವರು, ಬಂದದ್ದು ಮಿಷಿಗನ್ ಸ್ಟೇಟ್‌ನಿಂದ. ಬಿಗಿ ಮುಖ, ಬಿಗಿ ಮಾತು, ಎಲ್ಲ ಗಡಿಯಾರದ ಪ್ರಕಾರ. 2003ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು, ಮುಂದಿನ ವರ್ಷ ಮುಗಿದ ಮೇಲೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಮಯಾಮಿ ಡಾಲ್ಫಿನ್ಸ್ ತಂಡಕ್ಕೆ ಹೊರಟುಹೋದರು. ಅವರ ಜಾಗಕ್ಕೆ ಬಂದವರು ಲೆಸ್ ಮೈಲ್ಸ್, ಓಹಾಯೋದವರು. ಪಂದ್ಯದ ಮಧ್ಯೆ ಮೈದಾನದ ಹುಲ್ಲು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದ ಮನುಷ್ಯ. ಸೇಬನ್‌ಗೂ ಇವರಿಗೂ ಸ್ವಭಾವದಲ್ಲಿ ಎಲ್ಲಿಂದೆಲ್ಲಿಯ ಸಂಬಂಧ? ಆದರೂ 2007ರಲ್ಲಿ ಮತ್ತೆ ಚಾಂಪಿಯನ್. ಆ ತಂಡದ ಕಂಬದಂತಿದ್ದ ಗ್ಲೆನ್ ಡಾರ್ಸಿ ಬ್ಯಾಟನ್ ರೂಜ್ ಪಕ್ಕದ ಗೊಂಜಾಲೆಸ್ ಊರಿನ ಹುಡುಗ, 2004ರಲ್ಲಿ ಸೇಬನ್ ಇದ್ದಾಗ ಸೇರಿದವನು. ಕರೆದ ಕೋಚ್ ಹೋದ ಮೇಲೂ ಅಲ್ಲೇ ಉಳಿದ. ಮುಂದೆ ಮೈಲ್ಸ್ ಕಾಲದಲ್ಲೇ ನ್ಯೂ ಆರ್ಲಿಯನ್ಸ್‌ನಿಂದ ಟೈರನ್ ಮ್ಯಾಥ್ಯೂ, ಒಡೆಲ್ ಬೆಕಮ್ ಜೂನಿಯರ್, 2014ರಲ್ಲಿ ಲೆನರ್ಡ್ ಫೋರ್ನೆಟ್ ಬಂದರು. ಮ್ಯಾಥ್ಯೂ, ಫೋರ್ನೆಟ್ ಇಬ್ಬರೂ ಸೇಂಟ್ ಆಗಸ್ಟಿನ್ ಎನ್ನುವ ಒಂದೇ ಹೈಸ್ಕೂಲಿನವರು.

ಮೂರನೆಯವರು ಎಡ್ ಒರ್ಜೆರಾನ್, ಅಪ್ಪಟ ಸ್ಥಳೀಯರು. ದಕ್ಷಿಣ ಲೂಸಿಯಾನಾದ ಲರೋಸ್ ಊರು, ಗೊಗ್ಗರು ಗಂಟಲು, ಆ ಕಡೆಯ ಕೇಜನ್ ಜನರ ಉಚ್ಚಾರಣೆ. 2019ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಇವರದು. ಊರಿನ ಹುಡುಗರನ್ನು ಊರಿನ ಕೋಚ್‌ನೇ ತರಬೇಕು ಅನ್ನುವವರೆಲ್ಲ ತೋರಿಸುವುದು ಇವರನ್ನೇ. ಸರಿ, ಇವರು ತಂದದ್ದು ಸುಳ್ಳಲ್ಲ, ಜಸ್ಟಿನ್ ಜೆಫರ್ಸನ್, ಜಮಾರ್ ಚೇಸ್ ಇಬ್ಬರೂ ನ್ಯೂ ಆರ್ಲಿಯನ್ಸ್ ಸುತ್ತಲಿನವರು, ಇಬ್ಬರೂ ಒರ್ಜೆರಾನ್ ಕಾಲದಲ್ಲೇ ಸೇರಿದವರು. ಆದರೆ ಜೆಫರ್ಸನ್ ಅಣ್ಣಂದಿರಾದ ಜೋರ್ಡನ್ ಮತ್ತು ರಿಕಿ ಇಬ್ಬರೂ ಅದಕ್ಕೂ ಮುಂಚೆ, ಮೈಲ್ಸ್ ಇದ್ದಾಗಲೇ, ಎಲ್‌ಎಸ್‌ಯುಗೆ ಆಡಿದ್ದರು. ಇಬ್ಬರು ಅಣ್ಣಂದಿರು ಹಾಕಿದ ಜೆರ್ಸಿ ಮನೆಯಲ್ಲಿರುವಾಗ ಆ ಹುಡುಗನಿಗೆ ಕೋಚ್ ಉಚ್ಚಾರಣೆ ಎಷ್ಟು ಮುಖ್ಯವಾಗಿರುತ್ತದೆ ಅಂತ ನೀವೇ ಯೋಚಿಸಿ.

ನಾಲ್ಕನೆಯವರು ಬ್ರಯಾನ್ ಕೆಲಿ. ಮ್ಯಾಸಚೂಸೆಟ್ಸ್‌ನವರು, ನೋಟರ್ ಡೇಮ್ ಬಿಟ್ಟು ಬಂದವರು. 2021ರ ಡಿಸೆಂಬರ್ ಮೊದಲಲ್ಲಿ ಬಾಸ್ಕೆಟ್‌ಬಾಲ್ ಪಂದ್ಯವೊಂದರ ನಡುವೆ ಮೈಕ್ ಹಿಡಿದು, ದಕ್ಷಿಣದವರ ಹಾಗೆ ಎಳೆದು ಎಳೆದು "ಫ್ಯಾಮಿಲಿ" ಅಂದರು. ಇಡೀ ದೇಶ ನಕ್ಕಿತು. ಇನ್ನು ಲೂಸಿಯಾನಾದ ಒಬ್ಬ ಹುಡುಗನೂ ಇವರ ಕಡೆ ತಿರುಗಿ ನೋಡುವುದಿಲ್ಲ ಅಂತ ಟಿವಿಯಲ್ಲಿ ಕೂತವರು ತೀರ್ಪು ಕೊಟ್ಟೇಬಿಟ್ಟರು. ಆದದ್ದೇನು? ಉತ್ತರದ ಮನ್ರೋ ಊರಿನ ವಿಲ್ ಕ್ಯಾಂಬೆಲ್ ಒರ್ಜೆರಾನ್ ಇದ್ದಾಗ ಮಾತು ಕೊಟ್ಟಿದ್ದವನು, ಕೋಚ್ ಬದಲಾದರೂ ಮಾತು ಬದಲಿಸಲಿಲ್ಲ, ಎಲ್‌ಎಸ್‌ಯುಗೇ ಬಂದ, ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2025ರಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ. ಒರ್ಜೆರಾನ್ ತಂದಿದ್ದ ಮಲೀಕ್ ನೇಬರ್ಸ್, ಬ್ರಯಾನ್ ಥಾಮಸ್ ಜೂನಿಯರ್ ಕೂಡ ಬಿಟ್ಟು ಹೋಗಲಿಲ್ಲ. ನ್ಯೂ ಆರ್ಲಿಯನ್ಸ್‌ನ ಆರನ್ ಆಂಡರ್ಸನ್ ಆ ಗೊಂದಲದಲ್ಲಿ ಅಲಬಾಮಾಗೆ ಸೇರಿದ್ದು ನಿಜ. ಒಂದೇ ವರ್ಷದ ಮೇಲೆ ವಾಪಸ್ ಎಲ್‌ಎಸ್‌ಯುಗೆ ಬಂದ, ಅದೂ ಅದೇ ಕೆಲಿ ಕೈಕೆಳಗೆ. ಕೆಲಿ 2025ರ ಅಕ್ಟೋಬರ್‌ನಲ್ಲಿ ಕೆಲಸ ಕಳೆದುಕೊಂಡರು. ಅದು ಪಂದ್ಯ ಸೋತದ್ದಕ್ಕೆ, ಉಚ್ಚಾರಣೆಗಲ್ಲ.

ಹಾಗಾದರೆ ಊರಿನ ಹುಡುಗರನ್ನು ಹಿಡಿದಿಟ್ಟವರು ಯಾರು?

ಫ್ರಾಂಕ್ ವಿಲ್ಸನ್ ಅಂತ ಒಬ್ಬರಿದ್ದಾರೆ. ಟಿವಿ ಕ್ಯಾಮೆರಾ ಇವರ ಮೇಲೆ ನಿಂತದ್ದೇ ಅಪರೂಪ. ನ್ಯೂ ಆರ್ಲಿಯನ್ಸ್‌ನವರು, ಅಲ್ಲಿನ ಓ. ಪೆರಿ ವಾಕರ್ ಹೈಸ್ಕೂಲಿನಲ್ಲಿ ಕೋಚ್ ಆಗಿದ್ದವರು. ಆ ಊರಿನ ಹೈಸ್ಕೂಲ್ ಕೋಚ್‌ಗಳು ಅವರಿಗೆ ಹಳೇ ಜೊತೆಗಾರರು. ಮೈಲ್ಸ್ ಹತ್ತಿರ 2010ರಿಂದ 2015ರವರೆಗೆ ಅಸಿಸ್ಟೆಂಟ್ ಆಗಿದ್ದರು, ಫೋರ್ನೆಟ್ ಬಂದದ್ದು ಆ ಕಾಲದಲ್ಲೇ. ಕೆಲಿ ಬಂದ ತಕ್ಷಣ ಮಾಡಿದ ಬುದ್ಧಿವಂತ ಕೆಲಸ ಅಂದರೆ ಇದೇ ವಿಲ್ಸನ್ ಅವರನ್ನು ವಾಪಸ್ ಕರೆದದ್ದು. ಕೋರಿ ರೇಮಂಡ್ ಅವರನ್ನೂ ನೋಡಿ. ನ್ಯೂ ಐಬೀರಿಯಾ ಊರಿನವರು, ಎಲ್‌ಎಸ್‌ಯುನಲ್ಲೇ ಆಡಿದವರು, ಮೈಲ್ಸ್ ಕಾಲದಲ್ಲಿ ಅಸಿಸ್ಟೆಂಟ್, ಒರ್ಜೆರಾನ್ ಕಾಲದಲ್ಲೂ ಅಸಿಸ್ಟೆಂಟ್. ಹೆಡ್ ಕೋಚ್ ಸ್ವಭಾವ ಎಷ್ಟೇ ಬದಲಾಗಲಿ, ಹುಡುಗನ ಮನೆ ಬಾಗಿಲು ತಟ್ಟುವ ಕೈ ಅದೇ ಇರುತ್ತದೆ.

ಇಲ್ಲಿ ಒಂದು ನಿಯಮವನ್ನೂ ಹೇಳಲೇಬೇಕು, ಇದು ಗೊತ್ತಿದ್ದರೆ ಅರ್ಧ ವಾದ ಹುಟ್ಟುವುದೇ ಇಲ್ಲ. ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ ಕಾಲೇಜು ಕೋಚ್‌ಗಳು ಹೈಸ್ಕೂಲ್‌ಗಳನ್ನು ಸುತ್ತಿ ಹುಡುಗರನ್ನು ನೋಡುವ ಕಾಲ. ಆ ಸುತ್ತಾಟಕ್ಕೆ ಹೆಡ್ ಕೋಚ್ ಹೋಗುವ ಹಾಗಿಲ್ಲ ಅಂತ 2008ರಲ್ಲಿ ನಿಯಮ ಬಂತು. ಅದಕ್ಕೆ ಸೇಬನ್ ನಿಯಮ ಅಂತಲೇ ಹೆಸರು ಬಿತ್ತು, ಆ ಹೊತ್ತಿಗೆ ಅಲಬಾಮಾ ಕೋಚ್ ಆಗಿದ್ದ ಅವರ ಓಡಾಟ ಉಳಿದವರಿಗೆ ತಡೆಯಲಾಗಲಿಲ್ಲ. ಅಂದರೆ ಹೈಸ್ಕೂಲ್ ಕೋಚ್ ಪಕ್ಕ ನಿಂತು, ಈ ಹುಡುಗ ಹೇಗೆ, ಮನೆ ಕಡೆ ಹೇಗೆ, ಮಾರ್ಕ್ಸ್ ಹೇಗೆ ಅಂತ ಕೇಳಿಕೊಂಡು ಬರೋದು ಅಸಿಸ್ಟೆಂಟ್‌ಗಳೇ. ಮದುವೆ ಸಂಬಂಧದಲ್ಲಿ ಮಾತುಕತೆಯೆಲ್ಲ ಮುಗಿದ ಮೇಲೆ ಮನೆಯ ಹಿರಿಯರು ಬಂದು ತಾಂಬೂಲ ಬದಲಿಸಿ ಹೋಗುತ್ತಾರಲ್ಲ, ಹೆಡ್ ಕೋಚ್ ಮನೆಗೆ ಬರುವುದು ಬಹುಪಾಲು ಆ ಹೊತ್ತಿಗೆ. ಫೋಟೋ ತೆಗೆಯೋದು ಮಾತ್ರ ಆವತ್ತೇ.

ಇಷ್ಟು ಹೇಳಿದ ಮೇಲೂ ಜಿಮ್ ಹಾರ್ಬಾ ಹೆಸರು ಬರುತ್ತದೆ. ಹೌದು, ಅವರು ಮಿಷಿಗನ್ ಕೋಚ್ ಆಗಿದ್ದಾಗ 2016ರ ಜನವರಿಯಲ್ಲಿ ಅದೇ ರಾಜ್ಯದ ಒಬ್ಬ ಕಿಕ್ಕರ್, ಅಂದರೆ ಚೆಂಡು ಒದೆಯುವ ಆಟಗಾರನ ಮನೆಗೆ ಹೋಗಿ ರಾತ್ರಿ ಅಲ್ಲೇ ಮಲಗಿದರು, ಪೆನ್ ಸ್ಟೇಟ್‌ಗೆ ಮಾತು ಕೊಟ್ಟಿದ್ದ ಹುಡುಗ ಮಿಷಿಗನ್‌ಗೆ ಬಂದ. ಹಳೇ ಎನ್‌ಎಫ್‌ಎಲ್ ತಾರೆ, ಆಗ ಜಾಕ್ಸನ್ ಸ್ಟೇಟ್ ಕೋಚ್ ಆಗಿದ್ದ ಡಿಯಾನ್ ಸ್ಯಾಂಡರ್ಸ್ ವಿಷಯವೂ ಸರಿ, 2021ರ ಡಿಸೆಂಬರ್‌ನಲ್ಲಿ ದೇಶದ ನಂಬರ್ ಒನ್ ಹುಡುಗ ಟ್ರಾವಿಸ್ ಹಂಟರ್ ಫ್ಲೋರಿಡಾ ಸ್ಟೇಟ್ ಬಿಟ್ಟು ಜಾಕ್ಸನ್ ಸ್ಟೇಟ್‌ನಂಥ ಚಿಕ್ಕ ಕಡೆ ಹೋದದ್ದು ಸ್ಯಾಂಡರ್ಸ್ ಅವರನ್ನು ನೋಡಿಯೇ. ಅವರು ಕೊಲರಾಡೋಗೆ ಹೋದರೆ ಇವನೂ ಹಿಂದೆ ಹೋದ, 2024ರಲ್ಲಿ ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ. ಆದರೆ ಹಂಟರ್ ಜಾರ್ಜಿಯಾದ ಹೈಸ್ಕೂಲಿನವನು. ಜಾಕ್ಸನ್ ಇರುವುದು ಮಿಸಿಸಿಪಿಯಲ್ಲಿ. ನಾನು ಮೊದಲೇ ಹೇಳಿದ್ದು ಇದನ್ನೇ, ದೊಡ್ಡ ವ್ಯಕ್ತಿತ್ವ ದೂರದವನನ್ನು ಎಳೆಯುತ್ತದೆ.

ಊರಿನವರು ಕೈತಪ್ಪೋದೇ ಇಲ್ಲ ಅಂತಲ್ಲ. 2012ರ ಜನವರಿಯಲ್ಲಿ ಲೂಸಿಯಾನಾದ ಲ್ಯಾಂಡನ್ ಕಾಲಿನ್ಸ್ ಟಿವಿ ಎದುರಿಗೇ ಅಲಬಾಮಾ ಅಂದಾಗ ಪಕ್ಕದಲ್ಲಿದ್ದ ಅಮ್ಮ ಮುಖ ಸಣ್ಣದು ಮಾಡಿಕೊಂಡರು, ಅವರ ಮನಸ್ಸೆಲ್ಲ ಎಲ್‌ಎಸ್‌ಯು ಕಡೆ. ಕರೆದದ್ದು ಯಾರು? ಅಲಬಾಮಾದಲ್ಲಿದ್ದ ಸೇಬನ್. ಐದು ವರ್ಷ ಆ ರಾಜ್ಯದಲ್ಲೇ ಕೆಲಸ ಮಾಡಿ, ಅಲ್ಲಿನ ಹೈಸ್ಕೂಲ್‌ಗಳ ದಾರಿ ತಿಳಿದವರು. ಅಲ್ಲಿ ಗೆದ್ದದ್ದು ನಗುಮುಖವಂತೂ ಅಲ್ಲ.

ಟೆಕ್ಸಾಸ್‌ನಲ್ಲಿರುವವರು ಲೂಸಿಯಾನಾ ಲೆಕ್ಕವನ್ನು ಹಾಗೇ ಹಿಡಿಯಬೇಡಿ. ನಿಮ್ಮಲ್ಲಿ ಟೆಕ್ಸಾಸ್, ಎ ಅಂಡ್ ಎಂ, ಟೆಕ್ಸಾಸ್ ಟೆಕ್, ಟಿಸಿಯು, ಬೇಲರ್, ಹ್ಯೂಸ್ಟನ್, ಎಸ್‌ಎಂಯು ಹೀಗೆ ಎಷ್ಟೋ ಕಾಲೇಜುಗಳಿವೆ. ಎಲ್ಲವೂ ಮನೆಗೆ ಹತ್ತಿರವೇ ಆದಾಗ ಕೋಚ್ ಸ್ವಭಾವಕ್ಕೆ ಸ್ವಲ್ಪ ಜಾಸ್ತಿ ತೂಕ ಬರುತ್ತದೆ.

ಇನ್ನು ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ. ಕೋಚ್ ಹೇಗೋ ಇರಲಿ, ಊರಿನ ಹೈಸ್ಕೂಲ್ ಹುಡುಗನಿಗೆ ಜಾಗವಾದರೂ ಉಳಿದಿದೆಯಾ?

ನನಗೆ ನಿಜವಾಗಿ ಚಿಂತೆ ಇರುವುದು ಇದರ ಬಗ್ಗೆ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕುವ ಪಟ್ಟಿ, ಶುರುವಾಯಿತು. 2021ರಿಂದ ಒಂದು ಸಲ ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ನೆ ಕೂರಬೇಕಾಗಿಲ್ಲ ಅಂತಾಯಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರದ ಮೇಲೆ ದುಡ್ಡು ಮಾಡಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು, ಜೊತೆಗೆ ತಂಡಕ್ಕೆ 105 ಆಟಗಾರರ ಮಿತಿಯೂ ಬಂತು. ಈಗ ಹೆಡ್ ಕೋಚ್ ಜಾಗದಲ್ಲಿ ಕೂತು ನೋಡಿ. ಹದಿನೇಳರ ಹುಡುಗನನ್ನು ತಂದು ಎರಡು ವರ್ಷ ತಿದ್ದಬೇಕು, ಅಷ್ಟರಲ್ಲಿ ನಿಮ್ಮ ಕೆಲಸವೇ ಇರುತ್ತದೋ ಇಲ್ಲವೋ. ಇನ್ನೊಂದು ಕಾಲೇಜಿನಲ್ಲಿ ಮೂರು ವರ್ಷ ಆಡಿ ಪಳಗಿದ ಇಪ್ಪತ್ತೊಂದರ ಹುಡುಗ ಪೋರ್ಟಲ್‌ನಲ್ಲಿ ಸಿಗುತ್ತಾನೆ. ಯಾರನ್ನು ತೆಗೆದುಕೊಳ್ಳುತ್ತೀರಿ? ಕೆಟ್ಟ ಕೋಚ್, ಒಳ್ಳೆ ಕೋಚ್, ನಗುವ ಕೋಚ್, ಬೈಯುವ ಕೋಚ್, ಎಲ್ಲರೂ ಮಾಡುತ್ತಿರುವುದು ಅದನ್ನೇ. ಪೆಟ್ಟು ಬೀಳುವುದು ಟಾಪ್ ಹುಡುಗರಿಗಲ್ಲ, ಅವರಿಗೆ ಯಾವಾಗಲೂ ಆಫರ್ ಇದೆ. ಅವರ ಕೆಳಗಿನ ಸಾಲಿನ ಹುಡುಗ, ಮುಂಚೆ ಊರಿನ ದೊಡ್ಡ ಕಾಲೇಜಿನಲ್ಲಿ ಕೊನೇ ಸ್ಕಾಲರ್‌ಶಿಪ್ ಸಿಗುತ್ತಿದ್ದವನು, ಈಗ ಲೂಸಿಯಾನಾ ಟೆಕ್ ಅಥವಾ ಮ್ಯಾಕ್‌ನೀಸ್‌ನಂಥ ಕಡೆ ಮೊದಲು ಆಡಿ ತೋರಿಸಬೇಕು.

ಹಾಗಾಗಿ ಮಗನನ್ನು ಕರೆದುಕೊಂಡು ಕಾಲೇಜು ನೋಡಲು ಹೋಗುವ ಅಪ್ಪ ಅಮ್ಮಂದಿರು ಹೆಡ್ ಕೋಚ್ ಭಾಷಣ ಕೇಳಿ, ಫೋಟೋ ತೆಗೆಸಿಕೊಳ್ಳಿ, ತಪ್ಪಿಲ್ಲ. ಆಮೇಲೆ ನಿಮ್ಮ ಮಗ ಆಡುವ ಜಾಗದ ಅಸಿಸ್ಟೆಂಟ್ ಕೋಚ್ ಯಾರು ಅಂತ ಹುಡುಕಿ ಮಾತಾಡಿಸಿ. ಅವರು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ಕಳೆದ ಎರಡು ವರ್ಷದಲ್ಲಿ ಆ ಜಾಗಕ್ಕೆ ಪೋರ್ಟಲ್‌ನಿಂದ ಎಷ್ಟು ಜನರನ್ನು ತಂದರು, ಹೈಸ್ಕೂಲಿನಿಂದ ಎಷ್ಟು ಜನರನ್ನು ತಂದರು ಅಂತ ನೇರವಾಗಿ ಕೇಳಿ. ವಾಪಸ್ ಬಂದು ಹೈಸ್ಕೂಲ್ ಕೋಚ್ ಹತ್ತಿರ ಇದೇ ಪ್ರಶ್ನೆ ಇಡಿ. ಆ ಕಾಲೇಜಿಗೆ ಮುಂಚೆ ಹೋದ ಹುಡುಗರು ಏನಾದರು ಅನ್ನೋದು ಅವರಿಗೆ ಗೊತ್ತಿರುತ್ತದೆ.